ಫೋಟೋ ಫೈಲಿಗೆ ಹೆಸರಿಡುವುದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಉತ್ತರ ಕನ್ನಡದ ಓದುಗರಿಂದ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಕಂಪ್ಯೂಟರಿನಲ್ಲಿ ತುಂಬಿಕೊಂಡ ಫೋಟೋಗಳದ್ದೇ ತಲೆನೋವು. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ.

ಪ್ರಶ್ನೆ: ಕಾಳಿ ನದಿಯ ಹಳೇ ಸೇತುವೆ ಬಿದ್ದ ಮೇಲೆ ಅದರ ಫೋಟೋ ಹುಡುಕೋಣ ಅಂತ ಹಾರ್ಡ್ ಡಿಸ್ಕ್ ತೆರೆದೆ. ವರ್ಷಗಟ್ಟಲೆ ತೆಗೆದ ಫೋಟೋ ಇದೆ, ಎಲ್ಲದರ ಹೆಸರೂ ಡಿಎಸ್‌ಸಿ_0412, ಡಿಎಸ್‌ಸಿ_0413 ಅಂತಲೇ. ಒಂದೇ ಹೆಸರಿನ ಫೈಲು ಎರಡು ಮೂರು ಕಡೆ ಇದೆ, ತೆರೆದರೆ ಬೇರೆ ಬೇರೆ ಫೋಟೋ! ಹುಡುಕುವುದು ಹೇಗೆ? ಮುಂದೆ ಹೀಗಾಗದಂತೆ ಇಡುವುದು ಹೇಗೆ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಮೊದಲು ಹುಡುಕೋಣ. ಫೈಲಿನ ಹೆಸರಲ್ಲಿ ಏನೂ ಇಲ್ಲದಿದ್ದರೂ ಫೋಟೋದ ಒಳಗೆ ಅದನ್ನು ತೆಗೆದ ದಿನ, ಗಂಟೆ, ನಿಮಿಷ ಎಲ್ಲ ದಾಖಲಾಗಿರುತ್ತದೆ. ಇದಕ್ಕೆ ಎಕ್ಸಿಫ್ ಮಾಹಿತಿ ಅನ್ನುತ್ತಾರೆ. ವಿಂಡೋಸ್‌ನಲ್ಲಿ ಫೋಲ್ಡರ್ ತೆರೆದು, ವ್ಯೂನಲ್ಲಿ ಡೀಟೇಲ್ಸ್ ಆರಿಸಿ, ‘ನೇಮ್’ ಅಂತ ಇರುವ ಮೇಲಿನ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಡೇಟ್ ಟೇಕನ್’ ಸೇರಿಸಿಕೊಳ್ಳಿ. ಅದನ್ನು ಒತ್ತಿದರೆ ಫೋಟೋಗಳು ತೆಗೆದ ದಿನದ ಪ್ರಕಾರ ಸಾಲಾಗಿ ನಿಲ್ಲುತ್ತವೆ. ಆಮೇಲೆ ದೊಡ್ಡ ಐಕಾನ್ ಮಾಡಿಕೊಂಡು ನೋಡುತ್ತಾ ಹೋಗಿ. ಸೇತುವೆ ಕುಸಿದದ್ದು 2024ರ ಆಗಸ್ಟ್ 7ರ ನಸುಕಿನಲ್ಲಿ, ಅದರ ಹಿಂದಿನವನ್ನಷ್ಟೇ ನೋಡಿದರೆ ಸಾಕು. ಆ ಸೇತುವೆ ದಾಟಿ ಸದಾಶಿವಗಡಕ್ಕೆ ಹೋದದ್ದೋ, ಗೋವಾ ಕಡೆ ಮದುವೆಗೆ ಹೊರಟದ್ದೋ ಯಾವಾಗ ಅಂತ ನೆನಪಾದರೆ ನೇರವಾಗಿ ಆ ತಿಂಗಳಿಗೇ ಹೋಗಿ. ಒಂದು ಎಚ್ಚರ: ‘ಡೇಟ್ ಕ್ರಿಯೇಟೆಡ್’ ನಂಬಬೇಡಿ. ಸಾಮಾನ್ಯವಾಗಿ ಅದು ಈ ಡಿಸ್ಕಿಗೆ ಕಾಪಿ ಮಾಡಿದ ದಿನ.

ಒಂದೇ ಹೆಸರು ಯಾಕೆ ಬರುತ್ತದೆ ಅಂದರೆ, ಕ್ಯಾಮೆರಾಗಳು ನಾಲ್ಕು ಅಕ್ಷರ, ನಾಲ್ಕು ಅಂಕಿಯ ಪದ್ಧತಿ ಪಾಲಿಸುತ್ತವೆ. ನಿಕಾನ್‌ನಲ್ಲಿ ಡಿಎಸ್‌ಸಿ_, ಕ್ಯಾನನ್‌ನಲ್ಲಿ ಐಎಂಜಿ_, ಮುಂದೆ ಅಂಕಿ. 9999 ಮುಟ್ಟಿದ ಮೇಲೆ ಮತ್ತೆ 0001. ಮನೆಯಲ್ಲಿ ಎರಡು ಕ್ಯಾಮೆರಾ ಇದ್ದರಂತೂ ಕೇಳುವುದೇ ಬೇಡ. ನಿಜವಾದ ಅಪಾಯ ಇರುವುದು ಎರಡು ಫೋಲ್ಡರ್ ಒಟ್ಟು ಮಾಡುವಾಗ. ‘ಈ ಹೆಸರಿನ ಫೈಲ್ ಆಗಲೇ ಇದೆ’ ಅಂತ ಕಂಪ್ಯೂಟರ್ ಕೇಳುತ್ತದೆ, ನಾವು ಅವಸರದಲ್ಲಿ ‘ರಿಪ್ಲೇಸ್’ ಒತ್ತಿಬಿಟ್ಟರೆ ಹಳೇ ಫೋಟೋ ಹೋಯಿತು, ರೀಸೈಕಲ್ ಬಿನ್‌ನಲ್ಲೂ ಸಿಗುವುದಿಲ್ಲ. ಎರಡನ್ನೂ ಉಳಿಸಿಕೊಳ್ಳುವ ಆಯ್ಕೆ ಅಲ್ಲೇ ಇರುತ್ತದೆ, ಅದನ್ನೇ ಒತ್ತಿ.

ಈಗ ಹೆಸರಿನ ವಿಷಯ. ನಾನು ಎಲ್ಲರಿಗೂ ಹೇಳುವುದು ಈ ರೂಪ: 2019-12-25_ಕಾಳಿ-ಸೇತುವೆ-ಸದಾಶಿವಗಡದಿಂದ_0412. ಮೊದಲು ವರ್ಷ, ಆಮೇಲೆ ತಿಂಗಳು, ದಿನ. ನಾವು ಬರೆಯುವ ಹಾಗೆ 25-12-2019 ಅಂತ ಇಟ್ಟರೆ ಎಲ್ಲ ವರ್ಷಗಳ, ಎಲ್ಲ ತಿಂಗಳುಗಳ 25ನೇ ತಾರೀಖು ಒಂದೇ ಕಡೆ ಬಂದು ಕೂರುತ್ತದೆ. ವರ್ಷ ಮುಂದಿದ್ದರೆ ಹೆಸರಿನ ಕ್ರಮವೇ ಕಾಲದ ಕ್ರಮ. ಇದು ನನ್ನ ಮನೆಯ ಪದ್ಧತಿಯೇನಲ್ಲ, 1988ರಲ್ಲಿ ಬಂದ ಐಎಸ್‌ಒ 8601 ಅನ್ನುವ ಅಂತಾರಾಷ್ಟ್ರೀಯ ಮಾನದಂಡವೂ ಇದನ್ನೇ ಹೇಳುತ್ತದೆ. ಮಾರ್ಚ್ ಅಂದರೆ 3 ಅಲ್ಲ, 03. ಕೊನೆಯಲ್ಲಿ ಕ್ಯಾಮೆರಾ ಕೊಟ್ಟ ನಂಬರ್ ಉಳಿಸಿಕೊಳ್ಳಿ, ಮೂಲ ಫೈಲಿಗೆ ತಾಳೆ ನೋಡಲು ಬೇಕಾಗುತ್ತದೆ. ತಾರೀಖಿನ ಮಧ್ಯೆ ಓರೆ ಗೀಟು ಹಾಕಲು ಹೋಗಬೇಡಿ, ವಿಂಡೋಸ್ ಒಪ್ಪುವುದಿಲ್ಲ. ಪ್ರಶ್ನೆ ಚಿಹ್ನೆ, ಕೋಲನ್, ನಕ್ಷತ್ರ ಇವೂ ಅಷ್ಟೇ.

‘ಹೊಸ’, ‘ಹಳೇ’, ‘ಈಗಿನ’ ಅನ್ನುವ ಪದಗಳನ್ನು ಹೆಸರಿನಲ್ಲಿ ಹಾಕಬೇಡಿ. ಇವತ್ತು ಹೊಸದು ಅಂತ ಬರೆದದ್ದು ಹತ್ತು ವರ್ಷ ಬಿಟ್ಟು ನೋಡುವವರಿಗೆ ಯಾವುದು ಅಂತ ಹೇಗೆ ಗೊತ್ತಾಗಬೇಕು? ತಾರೀಖು ಮತ್ತು ಜಾಗ ಬದಲಾಗುವುದಿಲ್ಲ.

ಫೋಲ್ಡರ್ ಸರಳವಾಗಿರಲಿ: ವರ್ಷಕ್ಕೊಂದು, ಅದರೊಳಗೆ ಸಂದರ್ಭಕ್ಕೊಂದು, ಅಷ್ಟೇ. ಫೋಲ್ಡರ್‌ನಲ್ಲೇ ತಾರೀಖು ಇದೆಯಲ್ಲ, ಫೈಲಿಗೂ ಯಾಕೆ ಅಂತ ಕೆಲವರು ಕೇಳುತ್ತಾರೆ. ಫೋಟೋ ಯಾರಿಗೋ ಕಳಿಸಿದಾಗ ಫೋಲ್ಡರ್ ಜೊತೆಗೆ ಹೋಗುವುದಿಲ್ಲ, ಹೆಸರು ಮಾತ್ರ ಹೋಗುತ್ತದೆ. ಆ್ಯಪ್‌ನಲ್ಲಿ ಮಾಡಿಕೊಂಡ ಆಲ್ಬಮ್ಮೂ ಹಾಗೇ, ಆ್ಯಪ್ ಬಿಟ್ಟರೆ ಅದೂ ಬಿಟ್ಟುಹೋಯಿತು.

ಹಳೇದನ್ನೆಲ್ಲ ಒಂದೇ ಸಲ ಸರಿ ಮಾಡುತ್ತೇನೆ ಅಂತ ಕೂರಬೇಡಿ, ಅರ್ಧಕ್ಕೇ ಬೇಜಾರು ಬರುತ್ತದೆ. ಮೊದಲು ಇಡೀ ಡಿಸ್ಕಿನ ಇನ್ನೊಂದು ಪ್ರತಿ ಮಾಡಿ. ಆಮೇಲೆ ಹಳೇ ಫೋಲ್ಡರ್‌ಗಳಿಗಷ್ಟೇ ಸರಿಯಾದ ಹೆಸರು ಕೊಡಿ. ಫೈಲಿನ ಹೆಸರು ಇವತ್ತು ತೆಗೆದ ಫೋಟೋದಿಂದ ಶುರುವಾಗಲಿ.

ಪ್ರಶ್ನೆ: 2024ರ ಮಾರಿಕಾಂಬಾ ಜಾತ್ರೆಯಲ್ಲಿ ನಾನು, ತಮ್ಮ, ಭಾವ ಮೂವರೂ ಫೋಟೋ ತೆಗೆದಿದ್ದೆವು. ಒಂದೇ ಫೋಲ್ಡರ್‌ಗೆ ಹಾಕಿದರೆ ಕ್ರಮವೇ ಇಲ್ಲ. ರಥ ಜಾತ್ರೆಯ ಗದ್ದುಗೆ ಇರುವ ಬಿಡ್ಕಿಬೈಲು ಮುಟ್ಟಿದ ಮೇಲೆ ದೇವಸ್ಥಾನದಿಂದ ಹೊರಟ ಫೋಟೋ ಬರುತ್ತದೆ!
– ಓದುಗರು, ಶಿರಸಿ

ಉತ್ತರ: ಮೂವರಲ್ಲಿ ಒಬ್ಬರ ಕ್ಯಾಮೆರಾದ ಗಡಿಯಾರ ತಪ್ಪಾಗಿದೆ. ಫೋನು ನೆಟ್‌ವರ್ಕಿನಿಂದ ಸಮಯ ತೆಗೆದುಕೊಳ್ಳುತ್ತದೆ, ಕ್ಯಾಮೆರಾಗೆ ನಾವೇ ಹೇಳಬೇಕು. ಅದನ್ನು ತುಂಬಾ ದಿನ ಬ್ಯಾಟರಿ ಇಲ್ಲದೆ ಇಟ್ಟರೆ ತಾರೀಖೇ ಹಿಂದಕ್ಕೆ ಹೋಗಿರುತ್ತದೆ.

ಮೂವರ ಫೋಟೋದಲ್ಲೂ ಸಿಕ್ಕಿರುವ ಒಂದೇ ಕ್ಷಣವನ್ನು ಹುಡುಕಿ. ರಥದ ಹಗ್ಗ ಮೊದಲು ಎಳೆದದ್ದು ಇರಬಹುದು, ಯಾರೋ ಬಾಳೆಹಣ್ಣು ಎಸೆದದ್ದು ಇರಬಹುದು. ಆ ಮೂರು ಫೋಟೋಗಳ ಸಮಯ ಹೋಲಿಸಿದರೆ ಯಾವ ಕ್ಯಾಮೆರಾ ಎಷ್ಟು ಹಿಂದೆ ಅಂತ ಗೊತ್ತಾಗುತ್ತದೆ. ಡಿಜಿಕ್ಯಾಮ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಆ ಕ್ಯಾಮೆರಾದ ಫೋಟೋಗಳನ್ನಷ್ಟೇ ಆರಿಸಿ, ಸಮಯವನ್ನು ಅಷ್ಟು ಮುಂದೆ ತಳ್ಳಬಹುದು. ಕಮಾಂಡ್ ಬರೆದು ಅಭ್ಯಾಸ ಇದ್ದವರಿಗೆ ಎಕ್ಸಿಫ್‌ಟೂಲ್ ಇನ್ನೂ ಒಳ್ಳೆಯದು. ಸಮಯ ಸರಿಯಾದ ಮೇಲೆ ಅದೇ ಡಿಜಿಕ್ಯಾಮ್‌ನಲ್ಲಿ ಎಲ್ಲಕ್ಕೂ ಒಟ್ಟಿಗೆ ತಾರೀಖು, ಸಮಯ ಸೇರಿಸಿ ಹೆಸರು ಕೊಡಿ: 2024-03-20_091532_ಮಾರಿಜಾತ್ರೆ-ರಥ. ಹೆಸರು ಬದಲಿಸಿದರೆ ಫೋಟೋದ ಗುಣಮಟ್ಟ ಕಡಿಮೆಯಾಗುವುದಿಲ್ಲ, ಹೆದರಬೇಡಿ.

ಮುಂದಿನ ಸಲ ಮನೆಯಿಂದ ಹೊರಡುವಾಗ ಒಂದು ಫೋನಿನಲ್ಲಿ ಸೆಕೆಂಡು ತೋರಿಸುವ ಗಡಿಯಾರ ತೆರೆದು, ಎಲ್ಲರೂ ಅದರ ಒಂದೊಂದು ಫೋಟೋ ತೆಗೆದುಕೊಳ್ಳಿ. ಆಮೇಲೆ ಲೆಕ್ಕ ಹಾಕುವುದು ಸಲೀಸು.

ಇನ್ನೊಂದು ಮಾತು. ಈ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಪ್ರತಿ ಸಲವೂ ಅದೇ ಪದ ಬಳಸಿ. ಒಂದು ಸಲ ‘ಮಾರಿಜಾತ್ರೆ’, ಇನ್ನೊಂದು ಸಲ ‘ಮಾರಿಕಾಂಬಾ ಉತ್ಸವ’, ಮತ್ತೊಮ್ಮೆ ಬರೀ ‘ಜಾತ್ರೆ’ ಅಂತ ಇಟ್ಟರೆ ಹುಡುಕಿದಾಗ ಅರ್ಧ ಸಿಗುತ್ತದೆ. ಒಂದೇ ಪದ ಇದ್ದರೆ 2018, 2020, 2022, 2024 ನಾಲ್ಕೂ ಒಟ್ಟಿಗೆ ಎದುರಿಗೆ ಬರುತ್ತವೆ.

ಪ್ರಶ್ನೆ: ಯಕ್ಷಗಾನದ ಫೋಟೋ ತೆಗೆಯುತ್ತೇನೆ. ರಾತ್ರಿ ಶುರುವಾದ ಆಟ ಬೆಳಗಿನವರೆಗೆ ನಡೆದರೆ ಫೋಟೋ ಎರಡು ತಾರೀಖಿಗೆ ಹಂಚಿಹೋಗುತ್ತದೆ. ಏನು ಮಾಡಲಿ?
– ಓದುಗರು, ಹೊನ್ನಾವರ

ಉತ್ತರ: ಫೋಲ್ಡರ್‌ಗೆ ಆಟ ಶುರುವಾದ ರಾತ್ರಿಯ ತಾರೀಖು, ಫೈಲಿಗೆ ಫೋಟೋ ತೆಗೆದ ನಿಜವಾದ ತಾರೀಖು ಮತ್ತು ಸಮಯ. ಕರಪತ್ರದಲ್ಲಿ ಇರುವುದು ಶುರುವಾದ ದಿನವೇ ಅಲ್ವಾ, ಜನ ನೆನಪಿಡುವುದೂ ಅದನ್ನೇ. ಒಳಗೆ ಮಧ್ಯರಾತ್ರಿ ದಾಟಿದ್ದು ತಾನಾಗಿ ಆಮೇಲೆ ಬರುತ್ತದೆ.

ನನಗೆ ಇದಕ್ಕಿಂತ ದೊಡ್ಡದು ಅನಿಸುವುದು ಪಾತ್ರ ಮತ್ತು ಕಲಾವಿದರ ಹೆಸರು. ಬಣ್ಣ ಹಚ್ಚಿ ಕಿರೀಟ ಕಟ್ಟಿದ ಮೇಲೆ ಮುಖ ನೋಡಿ ಯಾರು ಅಂತ ಹೇಳುವುದು ಮನೆಯವರಿಗೂ ಕಷ್ಟ, ಮುಖ ಗುರುತಿಸುವ ಸಾಫ್ಟ್‌ವೇರ್ ನಂಬಿ ಕೂರುವ ಹಾಗಿಲ್ಲ. ನಿಮ್ಮ ತಾಲೂಕಿನ ಕೆರೆಮನೆ ಮೇಳ 1934ರಿಂದ ನಡೆದುಬಂದದ್ದು, ತಲೆಮಾರುಗಳ ಕಲಾವಿದರು ಕುಣಿದ ಮೇಳ. ಇಂಥ ಕಡೆ ತೆಗೆದ ಫೋಟೋದಲ್ಲಿ ಬರೀ ‘ಯಕ್ಷಗಾನ-45’ ಅಂತ ಇದ್ದರೆ ಏನು ಬಂತು? ಚೌಕಿಗೆ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗಕ್ಕೆ ಹೋಗಿ ಅವತ್ತಿನ ಪಾತ್ರ ಹಂಚಿಕೆ ಕೇಳಿ ಬರೆದುಕೊಳ್ಳಿ, ಬರೆದ ಹಾಳೆಯದ್ದೂ ಒಂದು ಫೋಟೋ ತೆಗೆದು ಅದೇ ಫೋಲ್ಡರ್‌ಗೆ ಹಾಕಿ. ಪ್ರಸಂಗ, ಪಾತ್ರ, ಕಲಾವಿದ, ಊರು ಈ ನಾಲ್ಕು ಹೆಸರಿನಲ್ಲಿ ಇದ್ದರೆ ಸಾಕು.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಬಂದ ಫೋಟೋದ ಹೆಸರಲ್ಲೇ ತಾರೀಖು ಇರುತ್ತದಲ್ಲ, ಅದು ಸಾಲದೇ?
– ಓದುಗರು, ಕುಮಟಾ

ಉತ್ತರ: ಸಾಲದು. ಆಂಡ್ರಾಯ್ಡ್‌ನಲ್ಲಿ ಐಎಂಜಿ-20240321-ಡಬ್ಲ್ಯುಎ0007 ಅಂತ ಇರುತ್ತದೆ ನೋಡಿ, ಅದು ನಿಮ್ಮ ಫೋನಿಗೆ ಬಂದ ದಿನ. ಅಜ್ಜನ ಮದುವೆ ಫೋಟೋ ಇವತ್ತು ಬಂದರೆ ಇವತ್ತಿನದೇ ತಾರೀಖು. ಜೊತೆಗೆ ಫೋಟೋ ಕುಗ್ಗಿರುತ್ತದೆ, ಒಳಗಿದ್ದ ಸಮಯದ ಮಾಹಿತಿಯೂ ಹೋಗಿರುತ್ತದೆ. ಬೇಕಾದ ಫೋಟೋ ಆದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ ಅಂತ ಕೇಳಿ. ಮೂಲ ಫೈಲು ಇದ್ದ ಹಾಗೇ ಬರುತ್ತದೆ.

ಪ್ರಶ್ನೆ: ಮನೆಯ ಹಳೇ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದೆ. ತಾರೀಖು ಗೊತ್ತಿಲ್ಲ, ಅರ್ಧ ಜನ ಯಾರು ಅಂತಲೂ ಗೊತ್ತಿಲ್ಲ.
– ಓದುಗರು, ಸಿದ್ದಾಪುರ

ಉತ್ತರ: ತಾರೀಖು ಗೊತ್ತಿಲ್ಲದ ಕಡೆ ಸೊನ್ನೆ ಹಾಕಿ. ವರ್ಷ ಮಾತ್ರ ಗೊತ್ತಿದ್ದರೆ 1974-00-00_ಉಪನಯನ. ಅಂದಾಜಾದರೆ ಹೆಸರಿನಲ್ಲೇ ‘ಅಂದಾಜು’ ಅಂತ ಸೇರಿಸಿ. ಊಹೆಯನ್ನು ಖಚಿತ ಅನ್ನುವ ಹಾಗೆ ಬರೆದಿಟ್ಟರೆ ಮುಂದಿನವರು ಅದನ್ನೇ ನಂಬುತ್ತಾರೆ. ಸ್ಕ್ಯಾನ್ ಮಾಡಿದ ಫೈಲಿನ ತಾರೀಖಂತೂ ಸ್ಕ್ಯಾನ್ ಮಾಡಿದ ದಿನದ್ದು, ಅದನ್ನು ನೋಡಲೇಬೇಡಿ.

ಫೋಟೋ ಹಿಂದೆ ಏನಾದರೂ ಬರೆದಿದ್ದರೆ, ಸ್ಟುಡಿಯೋ ಸೀಲು ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ, ಅದೇ ಹೆಸರಿನ ಕೊನೆಗೆ ‘ಹಿಂದೆ’ ಅಂತ ಸೇರಿಸಿ ಇಡಿ. ಎರಡೂ ಅಕ್ಕಪಕ್ಕ ಬರುತ್ತವೆ.

ಜನರನ್ನು ಗುರುತಿಸುವ ಕೆಲಸ ದಯವಿಟ್ಟು ಮುಂದೂಡಬೇಡಿ. ಮನೆಯ ಹಿರಿಯರನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ, ಫೋಟೋ ದೊಡ್ಡದು ಮಾಡಿ ತೋರಿಸಿ, ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ‘ಎಡದಿಂದ’ ಅಂತ ಶುರುಮಾಡಿ ಬರೆಯಿರಿ. ‘ಅತ್ತೆ’, ‘ದೊಡ್ಡಪ್ಪ’ ಅಂತ ಬರೆದರೆ ನಿಮಗೆ ಸರಿ, ನಿಮ್ಮ ಮಕ್ಕಳಿಗೆ ಅವರು ಬೇರೆ ಸಂಬಂಧ. ಹೆಸರು, ಮನೆ, ಊರು ಬರೆಯಿರಿ. ಒಂದೇ ಹೆಸರಿನ ಹೆಗಡೆಯವರು, ಭಟ್ಟರು ಊರಿಗೆ ನಾಲ್ಕು ಜನ ಇರುತ್ತಾರೆ, ಮನೆ ಹೇಳದೆ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಫೈಲಿನ ಹೆಸರಲ್ಲಿ ಹಿಡಿಯುವುದಿಲ್ಲ. ಜೆಪೆಗ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ ಒಳಗೆ ‘ಡೀಟೇಲ್ಸ್’ನಲ್ಲಿ ‘ಟೈಟಲ್’, ‘ಕಾಮೆಂಟ್ಸ್’ ಅಂತ ಜಾಗ ಇದೆ, ಅಲ್ಲಿ ಬರೆಯಿರಿ. ಅದು ಫೋಟೋದ ಒಳಗೇ ಉಳಿಯುತ್ತದೆ.

ಪ್ರಶ್ನೆ: ಫೈಲಿನ ಹೆಸರನ್ನು ಕನ್ನಡದಲ್ಲಿ ಇಡಬಹುದೇ? ತೊಂದರೆ ಆಗುತ್ತದೆ ಅನ್ನುತ್ತಾರೆ.
– ಓದುಗರು, ಅಂಕೋಲಾ

ಉತ್ತರ: ಧಾರಾಳವಾಗಿ ಇಡಿ. ಯುನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ. ಯುನಿಕೋಡ್ ಕನ್ನಡವನ್ನು ಈಗಿನ ವಿಂಡೋಸ್, ಮ್ಯಾಕ್, ಆಂಡ್ರಾಯ್ಡ್ ಎಲ್ಲವೂ ಒಪ್ಪುತ್ತವೆ, ಹುಡುಕಿದರೆ ಸಿಗುತ್ತದೆ ಕೂಡ. ತೊಂದರೆ ಬರುವುದು ಯುನಿಕೋಡ್ ಅಲ್ಲದ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದರೆ. ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಅಕ್ಷರ ಕಾಣುತ್ತದೆ. ಹೆಸರು ಚಿಕ್ಕದಿರಲಿ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ (ಬೈಟ್ ಅಂದರೆ ಕಂಪ್ಯೂಟರಿನಲ್ಲಿ ಜಾಗ ಅಳೆಯುವ ಲೆಕ್ಕ). ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತದ ಚಿಹ್ನೆಗೂ ಮೂರು ಬೈಟ್ ಬೇಕು, ಒತ್ತಿಗೆ ಆರು. ವಿಂಡೋಸ್‌ನಲ್ಲಿ ಫೋಲ್ಡರ್‌ಗಳ ಹೆಸರೂ ಸೇರಿ 260 ಅಕ್ಷರದ ಮಿತಿ ಹಲವು ಕಡೆ ಇನ್ನೂ ಇದೆ. ಪ್ರಿಂಟಿಗೆ ಸ್ಟುಡಿಯೋಗೆ ಕೊಡುವಾಗ ಮಾತ್ರ ಪ್ರತಿಗಳನ್ನು ಬೇರೆ ಪೆನ್‌ಡ್ರೈವ್‌ಗೆ ಹಾಕಿ, ಅವುಗಳಿಗೆ 001, 002 ಅಂತ ನಂಬರ್ ಕೊಡಿ. ಅಲ್ಲಿನ ಹಳೇ ಮೆಷಿನ್ ಕನ್ನಡ ಓದದಿದ್ದರೂ ನಿಮ್ಮ ಕೆಲಸ ನಿಲ್ಲುವುದಿಲ್ಲ.