ಕೀಲಿಯ ಮೇಲೆ ಮರಾಠಾ ಹೆಸರು ಯಾಕಿದೆ?

ನಮ್ಮ ಮನೆಯ ಹಿತ್ತಾಳೆ ಕೀಲಿಯ ಮೇಲಿನ 'ಎಂ ಅಂಡ್ ಎಸ್ ಎಂ' ಅಂದರೆ ಏನು ಅಂತ ಕೇಳಿದ್ರಿ. (ನೀವು ಮೈಸೂರಿನವರು ಬೀಗ ಅಂತೀರಿ. ನಮ್ಮಲ್ಲಿ ಅದು ಕೀಲಿ, ತೆಗೆಯೋದು ಕೀಲಿಕೈ.) ಅದು 'ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ'. ಕನ್ನಡದ ಹುಬ್ಬಳ್ಳಿಗೆ ಮರಾಠಾ ಎಲ್ಲಿಂದ ಬಂತು ಅಂತ ನಿಮಗೆ ಆಶ್ಚರ್ಯ, ಅಲ್ವಾ?

ಹಿಂದೆ ಪೇಶ್ವೆಯವರ ಕೈಯಲ್ಲಿದ್ದ ಈ ಸೀಮೆಯನ್ನು ಬ್ರಿಟಿಷರು 'ಸದರ್ನ್ ಮರಾಠಾ ಕಂಟ್ರಿ' ಅಂತ ಕರೀತಿದ್ದರು. ಜನ ಆಡೋ ಮಾತು ಯಾವುದು ಅಂತ ಯಾರು ಕೇಳ್ತಾರೆ? 1876-78ರ ಬರದ ನಂತರ, 1882ರಲ್ಲಿ ಹುಟ್ಟಿದ ರೈಲು ಕಂಪನಿಗೂ ಅದೇ ಹೆಸರು ಅಂಟಿತು. ಬರ ಬಂದರೆ ಕಾಳು ತರಬೇಕು, ಸುಗ್ಗಿ ಬಂದರೆ ಗದಗ-ಹುಬ್ಬಳ್ಳಿಯ ಹತ್ತಿ ಸಾಗಿಸಬೇಕು. ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಇವತ್ತಿನ ಕರ್ನಾಟಕ ಕಾಲೇಜಿನ ಹಳೇ ಕಟ್ಟಡವೇ ಅದು. 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಸೇರಿಸಿದರು, ಕಚೇರಿ ಮದ್ರಾಸಿಗೆ ಹೋಯಿತು. ವರ್ಕ್‌ಶಾಪ್ ಮಾತ್ರ ಹುಬ್ಬಳ್ಳಿಯಲ್ಲೇ ಉಳಿಯಿತು.

ಆಗ ಇಲ್ಲಿಂದ ಯಾವ ಕಡೆ ರೈಲು ಹತ್ತಿದರೂ ಒಂದು ಗಡಿ ಸಿಗುತ್ತಿತ್ತು. ಗದಗ ದಾಟಿದರೆ ಕೊಪ್ಪಳ, ನಿಜಾಮನದು. ಹೊಸಪೇಟೆಗೆ ಬಂದರೆ ಮದ್ರಾಸ್ ಪ್ರಾಂತ್ಯ. ಹಾವೇರಿ, ರಾಣೆಬೆನ್ನೂರು ಆದಮೇಲೆ ತುಂಗಭದ್ರೆ ದಾಟಿದರೆ ಹರಿಹರ, ಅದು ನಿಮ್ಮ ಮಹಾರಾಜರದು. ಪಡುವಣಕ್ಕೆ ಕ್ಯಾಸಲ್‌ರಾಕ್ ಬಿಟ್ಟರೆ ಪೋರ್ಚುಗೀಸರ ಗೋವಾ. ನಮ್ಮ ಅಜ್ಜನಿಗೆ ಇದು ಬಾಯಿಪಾಠ. ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದ. ಕ್ವಾರ್ಟರ್ಸಿನ ಒಂದೇ ಸಾಲಿನಲ್ಲಿ ತೆಲುಗು, ತಮಿಳು, ಮರಾಠಿ, ಉರ್ದು. ಜಗಳ ಮಾತ್ರ ಕನ್ನಡದಲ್ಲಿ.

ಹಳೇ ಸಾಮಾನು ನೋಡಬೇಕಂದ್ರೆ ಗದಗ ರೋಡಿನ ರೈಲ್ವೆ ಮ್ಯೂಸಿಯಂಗೆ ಹೋಗಿ. 2020ರಲ್ಲಿ ಶುರುವಾಯ್ತು. ಮಲಪ್ರಭಾ, ಘಟಪ್ರಭಾ ಅನ್ನೋ ಎರಡು ಹಳೇ ಮನೆಗಳನ್ನು ಅದಕ್ಕೆ ಬಳಸಿದ್ದಾರೆ. ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಎದುರು ಫೋಟೋ ತೆಗೆಸಿಕೊಂಡು ವಾಪಸ್ ಹೋಗುವವರೇ ಜಾಸ್ತಿ. ನನ್ನ ಕೇಳಿದರೆ, ಮೊದಲು ಮ್ಯೂಸಿಯಂ.

ಆದರೆ ಎಷ್ಟೋ ಸಾಮಾನು ಅಲ್ಲಿಗೂ ಮುಟ್ಟಲಿಲ್ಲ. 1990ರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಾಗ ದೀಪ, ಕೀಲಿ, ರಟ್ಟಿನ ಟಿಕೆಟ್ಟು ಎಲ್ಲ ತೂಕದ ಮೇಲೆ ಹೋದವು. ಈ ಕೀಲಿಯನ್ನು ಅಜ್ಜ ಗುಜರಿ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದು. ಅಂಗೈ ತುಂಬುವಷ್ಟಿದೆ, ಕಲ್ಲಿನಷ್ಟು ಭಾರ. ಅಕ್ಷರಗಳಲ್ಲಿ ಕೊನೆಯ 'ಎಂ' ಸವೆದಿದೆ ನೋಡಿ, ಅದು ನಮ್ಮವ್ವನ ಕೆಲಸ. ಪ್ರತಿ ದೀಪಾವಳಿಗೂ ದೇವರ ಸಾಮಾನಿನ ಜೊತೆ ಇದನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದಳು. ನಿಮ್ಮ ಹತ್ತಿರ ಇಂಥದ್ದೇನಾದರೂ ಇದ್ದರೆ ಒಣ ಬಟ್ಟೆಯಿಂದ ಒರೆಸಿ ಸಾಕು. ಯಾರದ್ದು, ಎಲ್ಲಿಂದ ಬಂತು ಅಂತ ಒಂದು ಚೀಟಿ ಬರೆದು ಜೊತೆಗಿಡಿ.

ಕೀಲಿಕೈ ಕೇಳಬೇಡಿ. ಗುಜರಿಯಲ್ಲಿ ಸಿಕ್ಕಾಗಲೇ ಇರಲಿಲ್ಲ.