ಬಿಸ್ಮಾರ್ಕ್ ಪಿಂಚಣಿಯ ವಯಸ್ಸು 65 ಅಲ್ಲ, 70

ಜರ್ಮನಿಯ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಬಿಸ್ಮಾರ್ಕ್ ತಂದ ವೃದ್ಧಾಪ್ಯ ಪಿಂಚಣಿಯ ವಯಸ್ಸು ಒಂದು ಪುಸ್ತಕದಲ್ಲಿ 65, ಇನ್ನೊಂದರಲ್ಲಿ 70 ಇದೆ, ಪ್ರಬಂಧದಲ್ಲಿ ಯಾವುದನ್ನು ಬರೆಯಲಿ ಎಂದು ಕೇಳಿದ್ದೀರಿ. ಬಹುಶಃ ಎರಡು ಕಾಲದ ಅಂಕಿಗಳು ಬೆರೆತಿವೆ. ಪುಸ್ತಕ ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ. ಆ ಪಿಂಚಣಿ ತಂದ 1889ರ ಜರ್ಮನ್ ಕಾಯ್ದೆಯಲ್ಲಿದ್ದದ್ದು 70. ಕಾರ್ಮಿಕರಿಗೆ ಅದು 65ಕ್ಕೆ ಇಳಿದದ್ದು 1916ರಲ್ಲಿ, ಬಿಸ್ಮಾರ್ಕ್ ತೀರಿಕೊಂಡು 18 ವರ್ಷವಾದ ಮೇಲೆ. ಕಚೇರಿ ನೌಕರರಿಗೆ ಮಾತ್ರ 1911ರ ಪ್ರತ್ಯೇಕ ಕಾಯ್ದೆಯಲ್ಲೇ 65 ಇತ್ತು. ಗೊಂದಲಕ್ಕೆ ಇದೂ ಕಾರಣವಾಗಿರಬಹುದು.

ಮೊದಲು ಬಿಸ್ಮಾರ್ಕ್ ಕಾಲದ ಮೂರು ವಿಮೆ ಕಾಯ್ದೆಗಳನ್ನು ಬಿಡಿಸಿಟ್ಟುಕೊಳ್ಳಿ, ಆಮೇಲೆ ಪ್ರತಿಯೊಂದರ ಎದುರು ದುಡ್ಡು ಕಟ್ಟಿದವರು ಯಾರೆಂದು ಬರೆಯಿರಿ. 1883ರ ಕಾಯಿಲೆ ವಿಮೆಗೆ ಕಾರ್ಮಿಕರದು ಮೂರರಲ್ಲಿ ಎರಡು ಪಾಲು, ಮಾಲೀಕರದು ಒಂದು. 1884ರ ಅಪಘಾತ ವಿಮೆ ಪೂರ್ತಿ ಮಾಲೀಕರ ಹೊರೆ. 1889ರ ವೃದ್ಧಾಪ್ಯ ಮತ್ತು ಅಂಗವೈಕಲ್ಯ ವಿಮೆಗೆ ಇಬ್ಬರೂ ಅರ್ಧರ್ಧ, ಜೊತೆಗೆ ಪ್ರತಿ ಪಿಂಚಣಿಗೆ ಸರ್ಕಾರದಿಂದ ವರ್ಷಕ್ಕೆ 50 ಮಾರ್ಕ್. ‘ಸರ್ಕಾರವೇ ಪಿಂಚಣಿ ಕೊಟ್ಟಿತು’ ಎಂದು ಮಾತ್ರ ಬರೆಯಬೇಡಿ, ಹೆಚ್ಚಿನವರು ತಪ್ಪುವುದು ಇಲ್ಲೇ.

ಕೊನೆಗೆ ಅಂಗವೈಕಲ್ಯ ಪಿಂಚಣಿಯನ್ನು ಬೇರೆ ಸಾಲಿನಲ್ಲಿ ಹಾಕಿ. ಅದಕ್ಕೆ ವಯಸ್ಸಿನ ಮಿತಿಯಿರಲಿಲ್ಲ, 5 ವರ್ಷ ವಂತಿಗೆ ಕಟ್ಟಿದ್ದರೆ ಸಾಕಿತ್ತು. ವೃದ್ಧಾಪ್ಯದ್ದಕ್ಕೆ 30 ವರ್ಷ ಬೇಕಿತ್ತು. 20ನೇ ಶತಮಾನದ ಆರಂಭದ ಹೊತ್ತಿಗೆ ವೃದ್ಧಾಪ್ಯ ಪಿಂಚಣಿಗಿಂತ ಅಂಗವೈಕಲ್ಯ ಪಿಂಚಣಿಯನ್ನು ಪಡೆಯುತ್ತಿದ್ದವರೇ ಹೆಚ್ಚು, ಹಾಗಾಗಿ ನಿಮ್ಮ ಪ್ರಬಂಧಕ್ಕೆ 70ಕ್ಕಿಂತ ಈ ಅಂಶವೇ ಮುಖ್ಯ.