ಈಜು ಬಾರದವರು ನೀವೊಬ್ಬರೇ ಅಲ್ಲ
ಸಮುದ್ರದ ಪಕ್ಕ ಇದ್ದೂ ಈಜು ಬರಲ್ವಾ ಅಂತ ಆಫೀಸಿನ ಡಚ್ ಸಹೋದ್ಯೋಗಿ ಬೆರಗಾದರು, ನಾನೊಬ್ಬನೇ ಹೀಗಾ ಎಂದು ಕೇಳಿದ್ದೀರಿ. ಅಲ್ಲ ಮಾರಾಯ್ರೆ. 2019ರ ಗ್ಯಾಲಪ್ ಸಮೀಕ್ಷೆ ಪ್ರಕಾರ ಜಗತ್ತಿನ ಸುಮಾರು 55% ಜನರಿಗೆ ನೆರವಿಲ್ಲದೆ ಈಜಲು ಬರುವುದಿಲ್ಲ. ಹೆಂಗಸರಲ್ಲಂತೂ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗಷ್ಟೇ ಬರುತ್ತದೆ. ನೆದರ್ಲೆಂಡ್ಸ್ ಕಥೆಯೇ ಬೇರೆ. ಎಲ್ಲಿ ನೋಡಿದರೂ ಕಾಲುವೆ, ಹಾಗಾಗಿ ಅಲ್ಲಿನ ಮಕ್ಕಳು ಎ, ಬಿ, ಸಿ ಅಂತ ಈಜು ಡಿಪ್ಲೊಮಾ ಮಾಡುತ್ತಾರೆ, ಎ ಪರೀಕ್ಷೆಯಲ್ಲೇ ಬಟ್ಟೆ, ಶೂ ಹಾಕಿಕೊಂಡು ನೀರಿಗಿಳಿಯಬೇಕು! ಐಸ್‌ಲ್ಯಾಂಡಿನಲ್ಲಿ ಶಾಲೆಯಲ್ಲೇ ಕಡ್ಡಾಯ.

ಸಮುದ್ರಕ್ಕೂ ಈಜಿಗೂ ಅಷ್ಟೇನೂ ನಂಟಿಲ್ಲ. ಉಡುಪಿ ಕಡೆಯ ನಮ್ಮಪ್ಪ ಕಲಿತದ್ದು ಊರಿನ ಕೆರೆಯಲ್ಲಿ, ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ಸೊಂಟಕ್ಕೆ ಕಟ್ಟಿಕೊಂಡು. ನಾನು ಮುಂಬೈನ ಮಾಟುಂಗದ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಬೆಳೆದವನು, ಕೆರೆ ಎಲ್ಲಿಂದ ತರಲಿ? ಕೊನೆಗೆ 38ನೇ ವಯಸ್ಸಿನಲ್ಲಿ ದಾದರಿನ ಪಾಲಿಕೆ ಈಜುಕೊಳದಲ್ಲಿ ಕಲಿತೆ, ಪಕ್ಕದಲ್ಲಿ ಪುಟ್ಟ ಹುಡುಗಿಯೊಬ್ಬಳು ನನ್ನ ನೋಡಿ ಕಿಸಿಕಿಸಿ ನಗುತ್ತಿದ್ದಳು. ಮೊದಲ ವಾರ ಬರೀ ನೀರಲ್ಲಿ ಗುಳ್ಳೆ ಬಿಡುವುದೇ ಕೆಲಸ. ನೀವೂ ಅಲ್ಲಿಂದಲೇ ಶುರು ಮಾಡಿ. ಮಳೆಗಾಲದ ಜುಹು ಬೀಚಿನಲ್ಲಿ ಮಾತ್ರ ಪ್ರಯೋಗ ಬೇಡ.